ಎತ್ತಿ ಹಿಡಿದ ಇಸ್ತ್ರಿಪೆಟ್ಟಿಗೆ

ಪ್ಲಗ್ಗು ಓಲಾಡುತ್ತಿದೆ, ಮೇಜಿನ ಕಾಲಿಗೆ ತಾಗಿ ಟಕ್ ಎನ್ನುತ್ತದೆ, ಆಚೆ ಹೋಗುತ್ತದೆ, ಮತ್ತೆ ಟಕ್ — ಗೋಡೆಯಿಂದ ಕಿತ್ತ ವೈರು ಗಾಳಿಯಲ್ಲಿ ಜೋತುಬಿದ್ದಿದೆ, ವೈರಿನ ಮೇಲ್ತುದಿಯಲ್ಲಿ ಇಸ್ತ್ರಿಪೆಟ್ಟಿಗೆ, ಅದರ ಹಿಡಿಯಲ್ಲಿ ಅಕ್ಕನ ಬಲಗೈ, ನೆಟ್ಟಗೆ ಚಾಚಿದೆ, ಅಂಗೈ ಕೆಳಮುಖ. ನೋಡೋ ಡಾಕ್ಟ್ರೇ, ಎತ್ತೋಕಾಗಲ್ಲ ಅಂತಿದ್ದೆನಲ್ಲ, ಈಗ ನೋಡು ಹೆಂಗೆ ಹಿಡಿದಿದೀನಿ, ಎಲ್ಲಾ ನಿನ್ನ ಸೂಜಿ ಮಹಿಮೆ ಕಣೋ. ನೋಡುತ್ತಿದ್ದೇನೆ. ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು, ಬಿಸಿ ಬಟ್ಟೆಯ ವಾಸನೆ ಕುಡಿಯುತ್ತ, ನಾಳೆ ಹಾಕಿಕೊಳ್ಳಬೇಕಾದ ನನ್ನ ಬಿಳಿ ಕೋಟು ಮೇಜಿನ ಮೇಲೆ ಅರ್ಧ ಇಸ್ತ್ರಿಯಾಗಿ ಬಿದ್ದಿರುವಾಗ, ನೋಡುತ್ತಿದ್ದೇನೆ. ಮೊಣಕೈ ನೋವನ್ನು ಹಿಡಿಯಲು ಇದಕ್ಕಿಂತ ಕಟುಕ ಪರೀಕ್ಷೆ ನಮ್ಮ ಆಸ್ಪತ್ರೆಯಲ್ಲೂ ಇಲ್ಲ, ಅಲ್ಲಿ ಖಾಲಿ ಕುರ್ಚಿ ಎತ್ತಿಸುತ್ತೇವೆ, ನೋವಿದ್ದವರು ಅಮ್ಮಾ ಎಂದು ಆ ಕ್ಷಣವೇ ಬಿಟ್ಟುಬಿಡುತ್ತಾರೆ, ಇವಳು ಬಿಡುತ್ತಿಲ್ಲ, ನಗುತ್ತಿದ್ದಾಳೆ, ಮೇಲ್ತುಟಿಯ ಮೇಲೆ ಬೆವರು ಕೂತಿದೆ. ಕೈ ನಡುಗುತ್ತಿದೆ. ಅದಕ್ಕೇ ಪ್ಲಗ್ಗು ಓಲಾಡುತ್ತಿದೆ.

ಇದಕ್ಕೆ ಟೆನಿಸ್ ಎಲ್ಬೋ ಅಂತಾರಕ್ಕಾ ಎಂದಾಗ ಎಷ್ಟು ನಕ್ಕಿದ್ದಳು — ಅಯ್ಯೋ ನಿನ್ನ, ಜೀವಮಾನದಲ್ಲಿ ಒಂದು ಚೆಂಡು ಮುಟ್ಟಿದವಳಲ್ಲ ನಾನು, ರೋಗ ಮಾತ್ರ ಶ್ರೀಮಂತರದು ಬಂತಾ. ನನ್ನ ಶಾಲೆಯ ಅಂಗಿಯಿಂದ ಹಿಡಿದು ಈ ಕೋಟಿನವರೆಗೂ ತಿಕ್ಕಿದ ಕೈ, ಅದಕ್ಕೆ ಬಾರದೆ ಇನ್ಯಾವುದಕ್ಕೆ ಬರಬೇಕು. ಆಗ ಇದೇ ನೋವಿನ ಔಷಧ ಪರೀಕ್ಷಿಸುವ ನನ್ನ ಅಧ್ಯಯನಕ್ಕೆ ಜನ ಸಿಗುತ್ತಿರಲಿಲ್ಲ, ಊಟ ಮಾಡುವಾಗಲೂ ಅದನ್ನೇ ಕೊರಗುತ್ತಿದ್ದೆ, ಅಕ್ಕ ಕೇಳಿಸಿಕೊಂಡಳು, ನಾನಿಲ್ವೇನೋ ಎಂದಳು. ಮನೆಯವರನ್ನು ಸೇರಿಸಕೂಡದು ಎಂಬ ನಿಯಮ ನನಗೆ ಬಾಯಿಪಾಠ. ಸೇರಿಸಿದೆ. ಇವಳು ನನ್ನಕ್ಕ ಎಂದು ದೊಡ್ಡ ಡಾಕ್ಟರಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ, ಕೇಳದಿದ್ದರೆ ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರವರದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ನೋವಿದ್ದ ಕಡೆ ಚುಚ್ಚುವುದು, ಇದು ಔಷಧ. ಅರ್ಧ ಜನಕ್ಕೆ ಇದು, ಇನ್ನರ್ಧಕ್ಕೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂದು ಅವರಿಗೆ ತಿಳಿಯಬಾರದು, ಅದಕ್ಕೇ ರಕ್ತ ಎಲ್ಲರಿಂದಲೂ ತೆಗೆಯುತ್ತೇವೆ, ಸಿರಿಂಜಿಗೆ ಕಾಗದ ಸುತ್ತುತ್ತೇವೆ, ಮುಷ್ಟಿಯ ಹಿಡಿತದ ಬಲ ಅಳೆಯುವ ಹುಡುಗಿಗೂ ಗೊತ್ತಿಲ್ಲ, ಗೊತ್ತಿರುವವನು ಒಬ್ಬನೇ, ಚುಚ್ಚುವವನು, ನಾನು. ಆ ಕಡೆ ನೋಡಕ್ಕಾ ಎಂದೆ. ಮಗುವಿನ ಹಾಗೆ ಗೋಡೆಗೆ ಮುಖ ತಿರುಗಿಸಿದಳು. ಅವಳ ಪಾಲಿಗೆ ಯಾವುದೆಂಬ ಚೀಟಿಯಿದ್ದ ಲಕೋಟೆ ಒಡೆದೆ — ಉಪ್ಪುನೀರು. ಅವಳ ಅನ್ನ ತಿಂದು ಬೆಳೆದವನು ಅವಳ ಮೊಣಕೈಗೆ ಉಪ್ಪುನೀರು ಚುಚ್ಚಿ, ಅವಳ ರಕ್ತವನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಎಸೆದು, ಆಯ್ತಕ್ಕಾ, ನೋವಾಯ್ತಾ ಅಂದೆ. ಎಲ್ಲಾದ್ರೂ ಉಂಟಾ, ನಿನ್ನ ಕೈ ಹೂವಿನ ಹಾಗಿದೆ ಅಂದಳು.

ಆಮೇಲೆ ಈ ನಾಟಕ. ಹತ್ತಕ್ಕೆ ಎಷ್ಟು ನೋವು ಎಂದು ಅಳೆಯುವ ಹುಡುಗಿ ಕೇಳಿದರೆ ಅಕ್ಕ ಸೊನ್ನೆ ಅಂತಾಳಂತೆ, ಸಾರ್ ಆ ಇಸ್ತ್ರಿ ಅಂಗಡಿ ಆಂಟಿ ಎಷ್ಟು ಗಟ್ಟಿಯಾಗಿ ಹಿಡೀತಾರೆ ಗೊತ್ತಾ, ಕಣ್ಣಲ್ಲಿ ನೀರು ಬಂದ್ರೂ ಬಿಡಲ್ಲ, ನಿಮ್ಮ ಔಷಧಿ ಬಗ್ಗೆ ನಂಬಿಕೆ ಅಂದ್ರೆ ನಂಬಿಕೆ. ಭಾವ ಮೊನ್ನೆ ಬೀದಿಯ ತಿರುವಿನಲ್ಲಿ ನನ್ನನ್ನು ನಿಲ್ಲಿಸಿ, ಹಲ್ಲುಜ್ಜೋಕೂ ಎಡಗೈಯಪ್ಪಾ ಅವಳಿಗೆ, ನಿಂಗೆ ಹೇಳಬೇಡ ಅಂತ ಆಣೆ ಹಾಕಿಸಿದಾಳೆ, ತಮ್ಮನ ಓದಿನ ಫಲ ನನ್ನಿಂದ ಹಾಳಾಗಬಾರದಂತೆ ಎಂದರು. ಪೆದ್ದಿ. ಉಪ್ಪುನೀರಿನವರಿಗೆ ಗುಣವಾದಷ್ಟೂ ನನ್ನ ಔಷಧ ಸೋಲುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು. ಗೆಲುವು ಸೋಲು ಕೂದಲೆಳೆ ಮೇಲಿದೆ ಕಣಯ್ಯಾ ಅಂತಾರೆ ದೊಡ್ಡ ಡಾಕ್ಟರು, ಅಕ್ಕ ನನ್ನನ್ನು ಗೆಲ್ಲಿಸಲೆಂದು ಹಲ್ಲು ಕಚ್ಚಿ ಆ ಎಳೆಯನ್ನೇ ಜಗ್ಗುತ್ತಿದ್ದಾಳೆ. ಭಾವನ ಮಾತು ಮುಗಿಯುತ್ತಿದ್ದಂತೆ ನನ್ನ ತಲೆಗೆ ಬಂದದ್ದೇನು — ಪಾಪ ಅಕ್ಕನ ಕೈ ಎಂದೇ, ಅಲ್ಲ, ಛೇ, ಅಲ್ಲ, ಈ ಅಂಕಿ ತಪ್ಪು ಕಡೆಗೆ ಹೋಯಿತಲ್ಲ ಎಂದು. ಅದೇ ಮೊದಲು ಬಂತು. ಕೈ ಆಮೇಲೆ ಬಂತು. ಭಾವನ ಮುಖ ನೋಡಲಾಗದೆ ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ.

ನಾಳೆ ಬೆಳಗ್ಗೆ ಅವಳ ಕೊನೆಯ ಅಳತೆ. ನೋವಿದೆ ಎಂದರೆ ನಿಜವಾದ ಔಷಧ ಕೊಡುತ್ತಾರೆ, ಹಾಗಂತ ಮಾತು ಕೊಟ್ಟಿದ್ದೇವೆ, ಸೊನ್ನೆ ಎಂದರೆ ಹೋಗಿಬನ್ನಿ ಎಂದು ಕೈಮುಗಿಯುತ್ತಾರೆ, ಅವಳು ಅದೇ ಕೈಯನ್ನು ಹೊತ್ತು ಇದೇ ಮೇಜಿಗೆ ಬರುತ್ತಾಳೆ. ಹೇಳಿಬಿಡಲೇ, ಅಕ್ಕಾ ನಿಂಗೆ ಕೊಟ್ಟಿದ್ದು ನೀರು, ನಾಳೆ ನಿಜ ಹೇಳು ಎಂದು — ಆದರೆ ಆ ನಿಜ ನನ್ನ ಅಂಕಿಗೂ ಲಾಭ, ಯಾರಿಗಾಗಿ ಹೇಳಿದೆ ಎಂದು ನನಗೇ ಗೊತ್ತಾಗುವುದಿಲ್ಲ. ಇಲ್ಲ, ದೊಡ್ಡ ಡಾಕ್ಟರ ಬಾಗಿಲು ತಟ್ಟಿ, ಸಾರ್ ಇವಳು ನನ್ನ ಒಡಹುಟ್ಟಿದವಳು, ತೆಗೆದುಹಾಕಿ ಅನ್ನಬೇಕು, ಸರಿಯಾದ ದಾರಿ ಅದೊಂದೇ, ಮತ್ತೆ ಅವರು ಕನ್ನಡಕ ತೆಗೆದು, ಇನ್ನೇನೇನು ಮುಚ್ಚಿಟ್ಟಿದೀಯಯ್ಯಾ ಅಂತಾರೆ, ಇಡೀ ಅಧ್ಯಯನಕ್ಕೆ ಮಸಿ, ಇಷ್ಟು ವರ್ಷದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ — ನೋಡು, ಮತ್ತೆ ನನ್ನದೇ, ಮತ್ತೆ ನನ್ನ ಕೋಟಿನದೇ ಚಿಂತೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ ಜನ, ನನ್ನ ಪಾಲಿಗೆ ಮದ್ದೇ ಕಣೋ ಎನ್ನುತ್ತಿದ್ದಾಳೆ ಅಕ್ಕ, ದನಿ ಸಣ್ಣದಾಗಿದೆ, ಉಸಿರು ಕಟ್ಟಿಕೊಂಡು ಮಾತಾಡುತ್ತಿದ್ದಾಳೆ, ಇಸ್ತ್ರಿಪೆಟ್ಟಿಗೆಯ ಮೂತಿ ಕೆಳಕ್ಕೆ ಬಾಗಿತು, ಮತ್ತೆ ಎತ್ತಿದಳು.

ಅಯ್ಯೋ, ಇಷ್ಟು ಹೊತ್ತೂ ಹಿಡಿದೇ ಇದ್ದಾಳೆ. ನಾನು ಇದನ್ನೆಲ್ಲ ನೆನೆಸುವಷ್ಟು ಹೊತ್ತೂ. ಇಳಿಸಕ್ಕಾ, ಸಾಕು ಅನ್ನಬಹುದಿತ್ತು, ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ, ಎದ್ದು ಹೋಗಿ ಕೈಯಿಂದ ತೆಗೆದುಕೊಳ್ಳಬಹುದಿತ್ತು, ಸ್ಟೂಲಿನಿಂದ ಮೇಜಿಗೆ ಎಷ್ಟು ದೂರ. ಕೂತಿದ್ದೇನೆ. ಏನು ಕಾಯುತ್ತಿದ್ದೇನೆ — ಅವಳಾಗಿಯೇ ಬಿಡಲಿ ಎಂದು, ಅಮ್ಮಾ ಎನ್ನಲಿ ಎಂದು, ಹೂಂ ಕಣೋ ನೋವಿದೆ ಎಂದು ಅವಳ ಬಾಯಿಂದಲೇ ಬರಲಿ, ಆಗ ನಾನು ಏನೂ ಹೇಳಬೇಕಾಗಿಲ್ಲ, ಯಾರಿಗೂ ಏನೂ. ಥೂ. ಸಾಕೇನೋ, ಇನ್ನೂ ಹಿಡೀಲಾ, ಅಕ್ಕ ಕೇಳುತ್ತಿದ್ದಾಳೆ, ನಗು ಹಾಗೇ ಇದೆ, ಬೆವರು ಗದ್ದಕ್ಕಿಳಿದಿದೆ, ಅವಳ ಮುಖ ಬಿಟ್ಟು ಕೆಳಗೆ ನೋಡುತ್ತೇನೆ, ಪ್ಲಗ್ಗು, ಆಚೆ ಹೋಗುತ್ತದೆ, ಟಕ್, ಆಚೆ, ಟಕ್ —