ದರ್ಜಿ ಕೂರಿಸಿದ ಗೇರ್ ಕೇಬಲ್

ಗೇರ್ ಕೇಬಲ್ಲಿಗೆ ನೂರಿಪ್ಪತ್ತು, ಅದು ಓಡಾಡುವ ಕಪ್ಪು ಕೊಳವೆಗೆ ಎಂಬತ್ತು, ಹಾಕಿಕೊಡುವ ಕೂಲಿ ಇನ್ನೂರೈವತ್ತು. ಕೂಲಿ ಕೇಳಿದ್ದೇ ತಡ, ನಮ್ಮನೆಯವರು ಸಾಮಾನು ಚೀಲಕ್ಕೆ ಹಾಕಿಕೊಂಡು ಸೈಕಲ್ ಅಂಗಡಿಯಿಂದ ಇಳಿದೇಬಿಟ್ಟರು.

"ಕೋಟು ಹೊಲಿಯೋ ದರ್ಜಿ ಕಣೇ ನಾನು! ಪೈಜಾಮಕ್ಕೆ ಲಾಡಿ ತೂರಿಸಿದ ಹಾಗೆ ತೂರಿಸ್ತೀನಿ."

ನನಗೆ ನಗು ಬರಲಿಲ್ಲ. ನಾನು ನರ್ಸು, ಆಸ್ಪತ್ರೆ ಇರುವುದು ಏರಿನ ತುದಿಯಲ್ಲಿ. ಕೇಬಲ್ ತುಂಡಾದಾಗಿನಿಂದ ಸೈಕಲ್ಲು ಅತಿ ಭಾರದ ಗೇರಿನಲ್ಲೇ ಕೂತುಬಿಟ್ಟಿತ್ತು. ತಳ್ಳಿಕೊಂಡು ಹತ್ತಿ ವಾರವಿಡೀ ತಡವಾಗಿತ್ತು. "ಸೋಮವಾರವೂ ತಡವಾದ್ರೆ ರಾತ್ರಿ ಪಾಳಿಗೆ ಹಾಕ್ತೀನಿ" ಅಂತ ದೊಡ್ಡ ನರ್ಸಮ್ಮ ಹೇಳಿಯಾಗಿತ್ತು.

ಭಾನುವಾರ ಊಟವಾದ ಮೇಲೆ ಇವರು ಸೈಕಲ್ಲನ್ನು ಹೊಲಿಗೆ ಯಂತ್ರದ ಪಕ್ಕ ನಿಲ್ಲಿಸಿ, ಕತ್ತಿನಿಂದ ಅಳತೆ ಪಟ್ಟಿ ತೆಗೆದರು. ಹಳೇ ಕೊಳವೆ ಹ್ಯಾಂಡಲ್ ಮುಂದೆ ಬಿಲ್ಲಿನಂತೆ ಬಾಗಿತ್ತು. ಅದನ್ನು ಕಂಡು ಮುಖ ಕಿವಿಚಿದರು.

"ಎಷ್ಟು ಲೂಸು ಬಿಟ್ಟಿದ್ದಾನೆ ನೋಡು. ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗಿದೆ!"

ಹೊಸ ಕೊಳವೆಯನ್ನು ಸೈಕಲ್ಲಿನ ಮೈಗೆ ಅಂಟಿದ ಹಾಗೆ ಕತ್ತರಿಸಿದರು. ಕೇಬಲ್ ತೂರಿಸಿ, ಎಳೆದು ಬಿಗಿದು, ಮಿಕ್ಕ ತುದಿಯನ್ನು ದಾರದ ತುದಿಯಂತೆ ಚೊಕ್ಕವಾಗಿ ಕತ್ತರಿಸಿ ತೆಗೆದರು. ಹಿಂದಿನ ಗಾಲಿ ಎತ್ತಿ ಪೆಡಲ್ ತಿರುಗಿಸಿದರೆ ಗೇರುಗಳು ಟಕ್ ಟಕ್ ಅಂತ ಬಿದ್ದವು. ನಾನೂ ಭೇಷ್ ಅಂದೆ.

ಸೋಮವಾರ ಬೆಳಿಗ್ಗೆ ಗೇಟು ದಾಟಿ ಎಡಕ್ಕೆ ತಿರುಗಲು ಹೋದೆ. ಹ್ಯಾಂಡಲ್ ತಿರುಗಬೇಕಲ್ಲ! ಸೀದಾ ಎದುರುಮನೆ ಗೋಡೆಗೆ ಹೋಗಿ ನಿಂತೆ.

"ರೀ! ಕೊಳವೆ ಹಿಡಿದು ಎಳೀತಿದೆ!"

ಬಾಗಿಲಲ್ಲಿ ಕೂತಿದ್ದ ಅತ್ತೆ ಮಗನ ಕಡೆ ತಿರುಗಿದರು. "ಲೋ, ತೋಳು ಇಳಿಬಿಟ್ಟಾಗ ಚೆಂದ, ಎತ್ತಿದ್ರೆ ಕಂಕುಳು ಹಿಡಿಯುತ್ತೆ. ಗಿರಾಕಿ ಕೈ ಎತ್ತಿಸದೆ ಯಾವತ್ತಾದ್ರೂ ಅಂಗಿ ಕೊಟ್ಟಿದ್ದೀಯೇನೋ?"

ಇವರ ಮುಖ ಪೆಚ್ಚಾಯಿತು. "ಬಿಚ್ಚಿ ಒಂದಿಷ್ಟು ಬಿಡ್ತೀನಿ, ಕೊಡೇ."

"ಎಲ್ಲಿಂದ ಬಿಡ್ತೀರಿ?" ಅಂದೆ ನಾನು. "ಒಳಗೆ ಮಡಚಿ ಹೊಲಿದಿದ್ದೀರಾ?"

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು, "ಬಲಕ್ಕೆ ತಿರುಗುತ್ತಾ?"

"ತಿರುಗುತ್ತೆ, ಅತ್ತೆ."

"ಹಾಗಾದ್ರೆ ಹೊರಡು. ಎಡ ತಿರುವು ಬಂದಲ್ಲಿ ಇಳಿದು, ಮುಂದಿನ ಗಾಲಿ ಎಡಕ್ಕೆ ಎತ್ತಿಟ್ಟುಕೋ."

ಹಾಗೇ ಮಾಡಿದೆ. ಎಡ ತಿರುವು ಬಂದಲ್ಲೆಲ್ಲ ಇಳಿದು, ಹಟ ಹಿಡಿದ ಕತ್ತೆಯ ಮುಂಗಾಲು ಎತ್ತಿದ ಹಾಗೆ ಎತ್ತಿಡುವುದು. ಬಸ್ಸಿಗೆ ಕಾಯುತ್ತಿದ್ದವರಿಗೆ ಪುಕ್ಕಟೆ ತಮಾಷೆ. ಏರಿನ ದಾರಿ ಮಾತ್ರ ನೂಲು ಹಿಡಿದಷ್ಟು ನೇರ. ಗೇರು ಹಗುರಕ್ಕೆ ಬಿತ್ತು, ಕೆಳಗಿಳಿಯದೆ ಹತ್ತಿಬಿಟ್ಟೆ. ದೊಡ್ಡ ನರ್ಸಮ್ಮ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಹಾಜರಿ ಪುಸ್ತಕ ಮುಂದಕ್ಕೆ ತಳ್ಳಿದರು.

ಹಗಲು ಪಾಳಿ ಉಳಿಯಿತು. ಹೊಸ ಕೇಬಲ್ಲೂ ಕೊಳವೆಯೂ ದಂಡವಾದವು. ಮಾರನೇ ದಿನ ಅವೆರಡನ್ನೂ ಮತ್ತೆ ಕೊಂಡು, ಕೂಲಿಯನ್ನೂ ಕೊಟ್ಟೆವು.