ಎಂಟುನೂರಾ ಹದಿನಾಲ್ಕನೆಯ ಫೋಟೊದ ಪೇಶಿ

ಅಣ್ಣನ ಮದುವೆಯ ಸಾವಿರದ ಆರುನೂರು ಫೋಟೊಗಳನ್ನು ಸಿಂಧನೂರಿನ ನಮ್ಮ ಮನೆಯ ವೈಫೈ ಪೆಟ್ಟಿಗೆಗೆ ಜೋಡಿಸಿದ ಹಾರ್ಡ್‌ಡಿಸ್ಕಿನಲ್ಲಿ ಹಾಕಿ, ಎಲ್ಲರೂ ತಂತಮ್ಮ ಮೊಬೈಲಿನಲ್ಲಿ ನೋಡುವಂತೆ ಮಾಡಿದ್ದೆ. ನೋಡಲಿ ಎಂದು ಬಿಟ್ಟರೆ, ಮುಖ ಸೊಟ್ಟಗೆ ಬಂದದ್ದನ್ನೆಲ್ಲ ಒಬ್ಬೊಬ್ಬರೇ ಅಳಿಸತೊಡಗಿದರು. ಹದಿನೈದು ದಿನದಲ್ಲಿ ಒಂಬೈನೂರು ಉಳಿದವು. ಅಪ್ಪನ ಬೋಳುತಲೆ ಕಾಣುವ ಫೋಟೊ ಒಂದೂ ಇರಲಿಲ್ಲ.

ಮಸ್ಕಿಗೆ ಕೊಟ್ಟ ಸುಕನ್ಯಕ್ಕ ಬಂದವಳೇ ಎಂಟುನೂರಾ ಹದಿನಾಲ್ಕನೆಯದಕ್ಕೆ ಕೈ ಹಾಕಿದಳು. ಅದರಲ್ಲಿ ಅವಳು ಬಾಯಿ ಅಗಲಿಸಿ ಮಿರ್ಚಿಭಜಿ ತುರುಕುತ್ತಿದ್ದಾಳೆ. ಅವಳ ಹಿಂದೆಯೇ ಅಣ್ಣನ ಹೆಂಡತಿ, ನಮ್ಮ ಹೊಸ ವೈನಿ ಸುರೇಖಾ, ವೈನಿಯ ಹೆಗಲ ಮೇಲೆ ಕೈಯಿಟ್ಟು ನಗುವ ಅವಳ ತಾಯಿ. ಮುಕ್ಕುಂದ ಊರಿನ ಆ ತಾಯಿ ಮದುವೆಯ ದಿನವೆಲ್ಲ ಅಡುಗೆಯ ಕಡೆಗೇ ಇದ್ದು, ಫೋಟೊಗೆ ಸಿಕ್ಕಿದ್ದು ಅದೊಂದರಲ್ಲೇ. ಅಕ್ಕನನ್ನು ಕತ್ತರಿಸಿದರೆ ತಾಯಿಯ ಕೈಯೂ ಹೋಗುತ್ತಿತ್ತು. ಮೊಬೈಲಿಗೆ ಇಳಿಸಿಕೊಳ್ಳಬಹುದಿತ್ತು, ಆದರೆ ತನ್ನ ತಾಯಿ ಈ ಮನೆಯ ಫೋಟೊಗಳ ನಡುವೆಯೇ ಇರಬೇಕೆಂದು ವೈನಿಯ ಆಸೆ.

ನಾನು ಲ್ಯಾಪ್‌ಟಾಪು ತೆರೆದು ಎಲ್ಲರಿಗೂ ನೋಡುವ ಹಕ್ಕಷ್ಟೇ ಕೊಟ್ಟು, ಅಳಿಸುವ ಅಧಿಕಾರವನ್ನು ನನ್ನಲ್ಲೇ ಇಟ್ಟುಕೊಂಡೆ. ಅಧಿಕಾರ ಹೋದರೂ ಅಕ್ಕ ವೈನಿಯನ್ನು ಅಳಿಸುವುದನ್ನು ಬಿಡಲಿಲ್ಲ. ಲಿಂಗಸುಗೂರಿನ ಕೋರ್ಟಿನ ಬಾಗಿಲಲ್ಲಿ ಮೂವತ್ತು ವರ್ಷ ಜವಾನನಾಗಿ ಹೆಸರು ಕೂಗಿ ನಿವೃತ್ತನಾದ ಅಪ್ಪನದು ಬೇರೆ ತಕರಾರು.

"ಮನ್ಯಾಗ ಹಿರಿಯಾಕಿ ನಮ್ಮವ್ವ ಕುಂತಾಳ. ಆಕಿಗೆ ಬರೇ ನೋಡಾಕ, ನಿನಗ ಎಲ್ಲಾ? ಯಾವ ಕಾನೂನಲೇ ಇದು?"

ಹೀಗೆ ಅಂಕಿ ಬಿಟ್ಟರೆ ಅಕ್ಷರ ಬಾರದ ಪೀರಮ್ಮಜ್ಜಿಗೆ ಪೂರ್ತಿ ಅಧಿಕಾರ ಬಂತು. ಸೆರಗು ಮರೆಮಾಡಿ, ಒಂದೇ ಬೆರಳಲ್ಲಿ ಎರಡು ಸಲ ತನ್ನದೇ ಹೊಸ ಪಾಸ್‌ವರ್ಡ್ ಒತ್ತಿದಳು. ನನ್ನ ಅಧಿಕಾರವನ್ನೂ ತೆಗೆಸಿದಳು.

ಮುಂದಿನ ಭಾನುವಾರ ಅಕ್ಕ ಅರ್ಧ ಕಿಲೊ ಜಿಲೇಬಿ ಹಿಡಿದು ಬಂದಳು. ಅಜ್ಜಿ ಜಿಲೇಬಿ ತಿಂದು, ಫೋಟೊ ನೋಡಿ, ವಿಚಾರ ಮಾಡಬೇಕು, ಬರುವ ಆಯ್ತಾರ ಪೇಶಿ ಐತಿ ಎಂದು, ಮಗನ ಕೋರ್ಟಿನ ಮಾತಲ್ಲೇ ವಿಚಾರಣೆಯನ್ನು ಮುಂದಿನ ಭಾನುವಾರಕ್ಕೆ ಹಾಕಿದಳು. ಆ ಪೇಶಿಗೆ ಅಜ್ಜಿಯ ಚಾಳೀಸು ಕನ್ನಡಕ ಸಿಗಲಿಲ್ಲ. ಅದರ ಮುಂದಿನದಕ್ಕೆ ಕರೆಂಟು ಇರಲಿಲ್ಲ. ನಾಲ್ಕನೆಯ ಭಾನುವಾರ ಅಕ್ಕ ಬಸ್ಸಿಳಿದು ಅಂಗಳಕ್ಕೆ ಬರುತ್ತಲೇ ನಾನು ಅಪ್ಪನ ದನಿಯಲ್ಲಿ ಕೂಗಿದೆ: "ಸುಕನ್ಯಾ ಗಂಡ ಸಿದ್ದರಾಮ, ಸಾಕಿನ್ ಮಸ್ಕಿ, ಹಾಜರ್!" ಒಳಗೆ ಮಲಗಿದ್ದ ಅಪ್ಪ ತಾನೇ ಕೂಗಿದೆನೆಂದು ಎದ್ದು ಬಂದು ಬಾಗಿಲಲ್ಲಿ ನೆಟ್ಟಗೆ ನಿಂತ.

ಅಂದೂ ತೀರ್ಪಾಗಲಿಲ್ಲ. ಕಾದು ಬೇಸತ್ತ ಅಕ್ಕ, ವೈನಿಯ ಜೊತೆ ಕೂತು ಭಜಿಗೆ ಮೆಣಸಿನಕಾಯಿ ಸೀಳಿಕೊಟ್ಟು, ಹತ್ತು ತಿಂದು ಹೋದಳು.

ತೀರ್ಪು ಯಾವಾಗ ಎಂದು ನಾನು ಕೇಳಿದೆ.

"ಯಾಕ ಕೊಡ್ಲಿ?" ಎಂದಳು ಅಜ್ಜಿ. "ಮಸ್ಕಿ ಏನ್ ದೂರ ಐತಲೇ? ಒಂದು ತಾಸಿನ ಹಾದಿ. ವರ್ಷಕ್ಕ ಪಂಚಮಿಗೊಮ್ಮೆ ಬರ್ತಿದ್ಲು. ಈಗ ವಾರಾ ಬರಾಕತ್ಯಾಳ. ಅಳಿಸಿದ್ರೂ ಬರಂಗಿಲ್ಲ, ಅಳಿಸಂಗಿಲ್ಲ ಅಂದ್ರೂ ಬರಂಗಿಲ್ಲ."

ಒಲೆಯ ಮುಂದಿದ್ದ ವೈನಿ ಚಹಾದ ಕಪ್ಪು ತಂದು ಅಜ್ಜಿಯ ಮುಂದಿಟ್ಟಳು. ಹೋಗದೆ ಅಲ್ಲೇ ನಿಂತಳು.

"ಅಜ್ಜೀ, ಫೋಟೊದಾಗ ನಮ್ಮವ್ವನೂ ಅದಾಳ್ರಿ. ಸಾಕ್ಷಿಗೆ ಕರಸ್ರಿ."

ಅಜ್ಜಿ ಒಂದು ಗುಟುಕು ಕುಡಿದು, ನನ್ನ ಕಡೆ ನೋಡಿದಳು. ನಾನು ಮೊಬೈಲು ತೆಗೆದು ಮುಕ್ಕುಂದಕ್ಕೆ ಫೋನು ಹಚ್ಚಿ, ಅಪ್ಪನ ದನಿಗಾಗಿ ಗಂಟಲು ಸರಿಮಾಡಿಕೊಂಡೆ.