ತೊಯ್ದ ಲೆಕ್ಕಗಳು

“ಬರದದ್ದೇನಲೇ ಇದು, ಎಮ್ಮಿ ಉಚ್ಚಿ ಹೊಯ್ದದ್ದು?”

ಹೆಡ್‌ಮಾಸ್ತರರು ಗಣಿತದ ಪೇಪರನ್ನು ಬೆತ್ತದ ತುದಿಯಿಂದ ಮೇಜಿನ ಆಚೆ ನೂಕಿದರು. ಅದು ನೆಲಕ್ಕೆ ಬಿತ್ತು. ಶಾಲೆಯ ಸಿಪಾಯಿ ಅದನ್ನು ಕಾಲಿನಿಂದ ಸರಿಸುತ್ತ ಹೊಸ್ತಿಲವರೆಗೆ ತಂದ. ಹೊಸ್ತಿಲಾಚೆ ನಿಂತಿದ್ದ ಮುದಕಪ್ಪ ಬಗ್ಗಿ ಎತ್ತಿಕೊಂಡ.

ಹಾಳೆಯ ತುಂಬ ನೀಲಿ ಕಲೆ. ಪ್ರಮೇಯ ಬರೆದ ಕಡೆ ಅಕ್ಷರಗಳ ಬಾಲವಷ್ಟೇ ಉಳಿದಿದ್ದವು. ತ್ರಿಕೋನದ ಒಂದು ಮೂಲೆ ಕರಗಿ ಹರಿದು ಕೆಳಗಿನ ಲೆಕ್ಕವನ್ನೂ ನುಂಗಿತ್ತು. ಮೇಲೆ ಕೆಂಪು ಮಸಿಯಲ್ಲಿ ‘ಅಕ್ಷರ ತಿಳಿಯುವುದಿಲ್ಲ, ನಪಾಸು’ ಎಂದು ಬರೆದಿತ್ತು. ಆ ಕೆಂಪು ಅಕ್ಷರ ಮಾತ್ರ ಎಲ್ಲಿಯೂ ಕದಡಿರಲಿಲ್ಲ.

“ನಿಮ್ಮ ಕೈ ತೊಗಲು ಹದಾ ಮಾಡಾಕ ಹುಟ್ಟ್ಯಾವು. ಬೆವರಿನ ಕೈ. ಪೆನ್ನು ಹಿಡಿಯೂ ಕೈ ಅಲ್ಲಲೇ ಮಾದರ ಸೂಳಿಮಗನ. ನಡಿ.”

ಹೆಡ್‌ಮಾಸ್ತರರು ಸಿಟ್ಟಿನಿಂದ ಬೈಯುವವರಲ್ಲ. ಹಾಜರಿ ಕರೆದಷ್ಟೇ ಸಾವಕಾಶವಾಗಿ ಬೈಯುತ್ತಿದ್ದರು. ಮುದಕಪ್ಪನೂ ಹಾಜರಿ ಹೇಳಿದಂತೆ ಹೂಂ ಎಂದು ನಡೆದ.

ಅದು ಚಾಚಣಿ ಪರೀಕ್ಷೆ. ಮೆಟ್ರಿಕ್‌ಗೆ ಯಾರನ್ನು ಕಳಿಸಬೇಕು, ಯಾರನ್ನು ಬಿಡಬೇಕು ಎಂದು ಹೈಸ್ಕೂಲಿನವರೇ ಮೊದಲು ಜರಡಿ ಹಿಡಿಯುವ ಪರೀಕ್ಷೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕು ತಿರುಗಿ ಬಂದರೂ ಮೆಟ್ರಿಕ್‌ನಲ್ಲಿ ನೂರಕ್ಕೆ ನೂರು ಮಂದಿ ಪಾಸಾಗುವ ಶಾಲೆ ಇದೊಂದೇ ಎಂದು ಶಾಲಾ ಕಮಿಟಿಯ ಅಧ್ಯಕ್ಷ ಚನ್ನವೀರಪ್ಪಗೌಡ ಝೆಂಡಾ ಹಾರಿಸುವ ದಿನ ಭಾಷಣ ಮಾಡುತ್ತಿದ್ದ. ಸುಳ್ಳೇನಲ್ಲ. ಬೀಳುವ ಎತ್ತನ್ನು ಮನೆಯಲ್ಲೇ ಕಟ್ಟಿ ಬಂದರೆ ಓಟದಲ್ಲಿ ಬೀಳುವ ಎತ್ತು ಯಾವುದಿದೆ? ಮಾದರ ಕೇರಿಯಿಂದ ಹೈಸ್ಕೂಲು ಹತ್ತಿದವರೇ ಬೆರಳೆಣಿಕೆಯಷ್ಟು, ಅವರಲ್ಲಿ ಒಬ್ಬನೂ ಚಾಚಣಿ ದಾಟಿರಲಿಲ್ಲ. ಕೆಳಗಿನ ಕ್ಲಾಸುಗಳಲ್ಲಿ ಒಂದು ವಿಷಯ ಬಿದ್ದರೂ ಮುಂದೆ ನೂಕುತ್ತಿದ್ದರು, ಚಾಚಣಿಯಲ್ಲಿ ಹಾಗಿರಲಿಲ್ಲ. ಎಲ್ಲರೂ ಬಿದ್ದದ್ದು ಗಣಿತದಲ್ಲೇ. ಆ ಕೇರಿಯವರ ತಲೆಗೆ ಗಣಿತ ಹತ್ತುವುದಿಲ್ಲ ಎಂದು ಊರು ಅನ್ನುತ್ತಿತ್ತು. ಕೇಳಿ ಕೇಳಿ ಕೇರಿಯೂ ಹಾಗೇ ಅನ್ನತೊಡಗಿತ್ತು.

ಮುದಕಪ್ಪನ ಅಪ್ಪ ಸಾಯುವತನಕ ಇದೇ ಗೌಡರ ಮನೆಯ ಜೀತದಾಳು. ಮಗ ನಪಾಸಾದ ಸುದ್ದಿ ಕೇಳಿ ಗೌಡ ತಾನೇ ಜೋಳದ ಹೊಲಕ್ಕೆ ಬಂದು, ತೆನೆ ಮುರಿಯುತ್ತಿದ್ದ ತಾಯಿ ಅಡಿವೆವ್ವನ ಎದುರು ಬದುವಿನ ಮೇಲೆ ನಿಂತ. ಬಾಯಲ್ಲಿ ಸವಣೂರ ವೀಳ್ಯದೆಲೆ. ಒಮ್ಮೆ ಉಗುಳಿ, ಸಮಾಧಾನದಿಂದಲೇ ಹೇಳಿದ.

“ಇನ್ನೊಂದ್ ವರ್ಷ ನೋಡ್ಲಿ ನಿನ್ನ ಮಗ. ನಾ ಬ್ಯಾಡನ್ನಂಗಿಲ್ಲ. ಮತ್ತ ಡುಮ್ಕಿ ಹೊಡದ್ನೋ, ಯುಗಾದಿಗೆ ಬಂದು ಕೊಟ್ಟಗಿ ಹಿಡೀಬೇಕು. ಅವರಪ್ಪನ ಜಾಗಾ ಖಾಲಿನ ಐತಿ.”

ಅಡಿವೆವ್ವ ಕೈ ಮುಗಿದಳು. ಮಗನನ್ನು ಇನ್ನೊಂದು ವರ್ಷ ಬಿಟ್ಟದ್ದಕ್ಕೆ ಮುಗಿದಳೋ, ಆಮೇಲೆ ಹಿಡಿದುಕೊಳ್ಳುವುದಕ್ಕೆ ಮುಗಿದಳೋ, ಅವಳಿಗೇ ಗೊತ್ತಿರಲಿಲ್ಲ. ಗೌಡ ಎದುರು ಬಂದರೆ ಕೈ ತಾವೇ ಕೂಡುತ್ತಿದ್ದವು.

ಹೆಡ್‌ಮಾಸ್ತರರು ಬೆವರಿನ ಕೈ ಎಂದ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ನಿಮ್ಮಪ್ಪನ ಕೈಯೂ ಹಾಗೇ ಇತ್ತು, ಕುಡಗೋಲು ಜಾರುತ್ತಿತ್ತು ಎಂದು ನೆನಪು ಮಾಡಿಕೊಂಡಳು. ನೆರೆಮನೆಯ ಫಕ್ಕೀರವ್ವ ಬೂದಿ ತಿಕ್ಕು ಅಂದಳು, ಬೇವಿನೆಲೆ ಅರೆದು ಕಟ್ಟು ಅಂದಳು. ಮುದಕಪ್ಪ ಎಲ್ಲವನ್ನೂ ಮಾಡಿದ. ಹಗಲು ಶಾಲೆ, ಸೂಟಿಯ ದಿನ ಕಣದ ಕೆಲಸ, ದೀಪಕ್ಕೆ ಎಣ್ಣೆ ಇದ್ದ ದಿನ ಲೆಕ್ಕ. ಹಿರೇಕೆರೂರ ಸಂತೆಯಲ್ಲಿ ತಂದ ಮಸಿಗುಳಿಗೆಯನ್ನು ನೀರಿನಲ್ಲಿ ಕದಡಿ, ಟಾಕಿನ ಮುಳ್ಳು ಅದ್ದಿ ಬರೆಯುವಾಗ ಉಸಿರು ಕೂಡ ಹಾಳೆಗೆ ತಾಗದ ಹಾಗೆ ಮೋರೆ ತಿರುಗಿಸುತ್ತಿದ್ದ.

ಆರು ತಿಂಗಳ ಪರೀಕ್ಷೆ ಬಂತು. ಅವ್ವ ತನ್ನ ಸೀರೆಯ ಸೆರಗು ಹರಿದು ಮಣಿಕಟ್ಟಿಗೆ ಬಿಗಿದು ಕಟ್ಟಿದಳು. ಗಣಿತದ ಪೇಪರು ಬರೆದು ಮುಗಿಸಿ ಮುದಕಪ್ಪ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಹನಿ ಇರಲಿಲ್ಲ. ಒಂದು ಅಂಕಿ ಸರಿದಿರಲಿಲ್ಲ. ಯಾವತ್ತಿನಂತೆ ಬಾಗಿಲ ಬಳಿ ನೆಲದ ಮೇಲೆ ಇಟ್ಟು, ಎಣಿಕೆ ಆದ ಮೇಲೆ ಹೊಸ್ತಿಲು ದಾಟಿದ.

ವಾರ ಬಿಟ್ಟು ಪೇಪರು ತಿರುಗಿ ಬಂತು. ಮತ್ತೆ ಅದೇ ನೀಲಿ ಕಲೆ, ಅದೇ ಕೆಂಪು ಬರಹ.

ಅವನು ಶಾಲೆಯ ಹಿಂದಿನ ಹೊಲದ ಬದುವಿನ ಮೇಲೆ ಕುಳಿತ. ನಾನು ಇಟ್ಟಾಗ ಒಣಗಿತ್ತು, ನನಗೆ ಬಂದಾಗ ತೊಯ್ದಿತ್ತು. ನಡುವೆ ಇದ್ದದ್ದು ಮಠದ ಮಾಸ್ತರರ ನೀರಿನ ತಂಬಿಗೆ ಒಂದೇ.

ಕಾಣದ್ದೇನೂ ಅಲ್ಲ ಅದು. ಗಣಿತ ಕಲಿಸುವವರೂ, ಗಣಿತದ ಪರೀಕ್ಷೆಯಲ್ಲಿ ಕಾಯುವವರೂ ಮಠದ ಮಾಸ್ತರರೇ. ಹಣೆ ತುಂಬ ವಿಭೂತಿ. ಶರಣರು ಜಾತಿ ಸುಟ್ಟ ಕತೆ ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು, ಪಾಪ. ಕೇರಿಯ ಹುಡುಗ ನೆಲಕ್ಕಿಟ್ಟ ಪೇಪರಿನ ಮೇಲೆ ತಂಬಿಗೆಯಿಂದ ನೀರು ಚಿಮುಕಿಸಿ, ಮೈಲಿಗೆ ಕಳೆದು, ಆಮೇಲೆ ಎರಡು ಬೆರಳಿನಿಂದ ಎತ್ತುತ್ತಿದ್ದರು. ಉಳಿದ ಮಾಸ್ತರರು ಕೋಲಿನಿಂದ ಸರಿಸಿ ಸಿಪಾಯಿಯಿಂದ ಎತ್ತಿಸುತ್ತಿದ್ದರು. ಇವರಿಗೆ ಅಷ್ಟು ಸಾಲದು. ಮುದಕಪ್ಪ ಇದನ್ನು ಹೈಸ್ಕೂಲು ಹತ್ತಿದ ದಿನದಿಂದ ನೋಡಿದ್ದ, ನೋಡಿಯೂ ನೋಡಿರಲಿಲ್ಲ. ಅವ್ವ ಅಂಗಡಿಯ ಕಟ್ಟೆಯ ಮೇಲಿಟ್ಟ ದುಡ್ಡಿಗೂ ಅಂಗಡಿಕಾರ್ತಿ ಹೊನ್ನವ್ವ ನೀರು ಚಿಮುಕಿಸಿಯೇ ಮುಟ್ಟುತ್ತಿದ್ದಳು. ಕೇರಿಯವರು ಹೊತ್ತು ತಂದ ಕಟ್ಟಿಗೆಗೂ ನೀರು, ಹೆಣೆದು ತಂದ ಹಗ್ಗಕ್ಕೂ ನೀರು. ನೀರು ಬಿದ್ದರೆ ದುಡ್ಡು ದುಡ್ಡೇ ಇರುತ್ತದೆ, ಹಗ್ಗ ಹಗ್ಗವೇ. ಮಸಿ ಹಾಗಲ್ಲ ಎಂಬುದು ಇಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ. ಅವನಿಗಿಂತ ಮೊದಲು ಬಿದ್ದವರಿಗೂ ಹೊಳೆದಿರಲಿಲ್ಲ.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದೇ ಕಡೆ ಬಹಳ ಹೊತ್ತು ಕುಂತ ಕಾಲಿನಂತೆ ಒಳಗೆಲ್ಲ ಜೋಮು ಹಿಡಿದಿತ್ತು. ಎದ್ದು ಮನೆಗೆ ಹೋಗಿ ಅವ್ವನಿಗೆ ಹೇಳಿದ. ಅವಳು ಜೋಳದಲ್ಲಿಯ ಹರಳು ಆರಿಸುತ್ತಿದ್ದಳು. ಆರಿಸುವುದನ್ನು ನಿಲ್ಲಿಸದೆ ಕೇಳಿದಳು.

“ಮತ್ತ ನೀರ್ ಹಾಕದನ ಅವ್ರು ಹೆಂಗ ಮುಟ್ಟಬೇಕಪಾ?”

ಅವಳು ಅದನ್ನು ವಾದಕ್ಕೆ ಕೇಳಿರಲಿಲ್ಲ, ನಿಜವಾಗಿ ತಿಳಿಯದೇ ಕೇಳಿದ್ದಳು.

ಮರುದಿನ ಹೆಡ್‌ಮಾಸ್ತರರ ಹೊಸ್ತಿಲಲ್ಲಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿಕೊಂಡರು. ಅವರಿಗೂ ಇದು ಹೊಸ ಸುದ್ದಿ ಅಲ್ಲವೆಂಬುದು ಆ ಒರೆಸುವುದರಲ್ಲೇ ತಿಳಿಯುತ್ತಿತ್ತು.

“ಕಾಯ್ದೆ ಬಂತು, ಒಳಗ ಕೂಡ್ರಿಸು ಅಂತು, ಕೂಡ್ರಿಸೇವಿ. ನಿನ್ನ ಪೇಪರ್ ಹೆಂಗ ಎತ್ತಬೇಕು ಅನ್ನೂದು ಕಾಯ್ದೆದಾಗ ಇಲ್ಲ. ಮಠದವ್ರು ಮಡಿವಂತರು, ಅವರಿಗೆ ನಾ ಏನ್ ಹೇಳ್ಲಿ? ಒಂದ್ ಕೆಲಸ ಮಾಡು. ನೀ ಪೆನ್ಸಿಲಿನ್ಯಾಗ ಬರಿ. ಸೀಸ ನೀರಿಗೆ ಅಂಜಂಗಿಲ್ಲ.”

ದೊಡ್ಡ ಉಪಕಾರ. ಮುದಕಪ್ಪ ಕೈ ಮುಗಿದ. ಮನೆತನದ ಚಾಳಿ ಎಲ್ಲಿ ಹೋಗಬೇಕು.

ಚಾಚಣಿ ಬಂದದ್ದು ಜೋಳದ ಸುಗ್ಗಿಯ ಹೊತ್ತಿಗೆ. ಕನ್ನಡ, ಇಂಗ್ಲಿಷು, ಇತಿಹಾಸದ ದಿನಗಳಲ್ಲಿ ಕಾದವರು ಉಳಿದ ಮಾಸ್ತರರು. ಆ ಪೇಪರುಗಳು ನೀರು ಕಾಣದೆ ದಾಟಿದವು. ಕೊನೆಗೆ ಉಳಿದದ್ದು ಗಣಿತ. ಅಂದು ಮುಂಜಾನೆ ಗೌಡರ ಮನೆಯಿಂದ ಆಳು ಬಂದು, ಮುದಕಪ್ಪನ ಅಪ್ಪ ಮಲಗುತ್ತಿದ್ದ ಕೊಟ್ಟಿಗೆಯ ಮೂಲೆ ಸಾರಿಸಿ ಇಟ್ಟಿದ್ದಾರೆ ಎಂದು ಅಡಿವೆವ್ವನಿಗೆ ಹೇಳಿ ಹೋದ. ಯುಗಾದಿ ಇನ್ನೂ ದೂರ ಇತ್ತು. ಗೌಡನಿಗೆ ಮಾತ್ರ ಅನುಮಾನವೇ ಇರಲಿಲ್ಲ.

ಮುದಕಪ್ಪ ಹಿಂದೆ, ಬಾಗಿಲ ಪಕ್ಕದ ಗೋಣಿತಟ್ಟಿನ ಮೇಲೆ ಕುಳಿತ. ಉಳಿದವರು ಬೆಂಚಿನ ಮೇಲೆ. ಮುಂದಿನ ಸಾಲಿನಲ್ಲಿ ಗೌಡರ ಮಗ ಕರಬಸಪ್ಪ. ಪ್ರಶ್ನೆ ಕೊಟ್ಟಾದ ಮೇಲೆ ಮಠದ ಮಾಸ್ತರರು ಸುತ್ತು ಹಾಕುತ್ತ ಬಂದು ಇವನೆದುರು ನಿಂತರು. ಪೆನ್ಸಿಲು ಕಂಡರು.

“ಇದೇನಲೇ? ಮೂರನೆ ಇಯತ್ತೆ ಕೂಸೇನು ನೀ?”

ಹೆಡ್‌ಮಾಸ್ತರರು ಹೇಳಿದ್ದಾರೆ ಎಂದು ಮುದಕಪ್ಪ ಮೆಲ್ಲಗೆ ಅಂದ.

“ಅವ್ರು ಸಾವಿರ ಹೇಳ್ಲಿ. ಪೆನ್ಸಿಲಿನ್ಯಾಗ ಬರದದ್ದು ಪೇಪರ್ ಅಲ್ಲ. ಸೊನ್ನಿ ಹಾಕತೇನಿ. ಕಾನೂನು ಐತಿ. ಇಡು ಕೆಳಗ.”

ಇಟ್ಟ. ಅವರು ಕೆರದ ಹಿಮ್ಮಡಿಯಿಂದ ಅದನ್ನು ತುಳಿದು ಮುರಿದು ಮುಂದೆ ಹೋದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುದಕಪ್ಪ ಚೀಲದಿಂದ ದೌತಿ, ಟಾಕು ತೆಗೆದ. ಮುಳ್ಳನ್ನು ಮಸಿಯಲ್ಲಿ ಅದ್ದಿದ. ಬರೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಗೊತ್ತಿದ್ದೂ ಒಂದೊಂದೇ ಲೆಕ್ಕ ಬಿಡಿಸುತ್ತ ಹೋದ. ಎಲ್ಲ ಬಂದವು. ಸಂತೋಷ ಆಗಲಿಲ್ಲ. ಒಂದು ಕಡೆ ತಪ್ಪಿದ್ದನ್ನು ಹೊಡೆದು ಮತ್ತೆ ಬರೆದ. ಕೆಳಗೆ ಸ್ಕೇಲಿಲ್ಲದೆ, ಪಾಟಿಯ ಅಂಚು ಹಿಡಿದು ಒಂದು ಗೀಟು ಎಳೆದ.

ಗಂಟೆ ಹೊಡೆಯಿತು. ಒಬ್ಬೊಬ್ಬರೇ ಎದ್ದು ಮೇಜಿನ ಮೇಲೆ ಪೇಪರು ಇಟ್ಟು ತಮ್ಮ ಜಾಗದಲ್ಲಿ ನಿಂತರು. ಎಣಿಕೆ ಆಗುವತನಕ ಯಾರೂ ಹೊರಗೆ ಹೋಗುವಂತಿಲ್ಲ. ಮುದಕಪ್ಪನದು ಯಾವತ್ತೂ ಕೊನೆ. ಮಠದ ಮಾಸ್ತರರು ಕಿಟಕಿಯಲ್ಲಿದ್ದ ತಂಬಿಗೆ ತೆಗೆದುಕೊಂಡು, ಬೆರಳು ಅದ್ದಿ, ಬಾಗಿಲ ಬಳಿಯ ನೆಲವನ್ನೇ ನೋಡುತ್ತ ಸಿದ್ಧರಾಗಿದ್ದರು.

ಮುದಕಪ್ಪ ಆ ಜಾಗ ದಾಟಿದ. ಬೆಂಚುಗಳ ನಡುವೆ ಹಾಯ್ದು ಮೇಜಿನ ಹತ್ತಿರ ಬಂದ. ದಾರಿಯಲ್ಲಿದ್ದವರು ಮೈ ತಾಗದ ಹಾಗೆ ಸರಿದುಕೊಂಡರು. ಅವನು ಪೇಪರಿನ ಕಟ್ಟಿನ ಮೇಲರ್ಧ ಎತ್ತಿದ. ನಡುವೆ ತನ್ನದನ್ನು ಇಟ್ಟ. ಎತ್ತಿದ್ದನ್ನು ಅದರ ಮೇಲೆ ಇಟ್ಟು, ಎರಡೂ ಅಂಗೈಯಿಂದ ನಾಲ್ಕೂ ಬದಿ ತಟ್ಟಿ ಸಮ ಮಾಡಿದ. ಅವಸರವೇನೂ ಇರಲಿಲ್ಲ ಅವನಿಗೆ.

ಮಾಸ್ತರರಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ದನಿ ಸಣ್ಣದಾಯಿತು.

“ತಗಿ. ನಿಂದ್ ಹೊರಗ ತಗಿ, ಹಲ್ಕಟ್ ಸೂಳಿಮಗನ.”

“ಮತ್ತ ಎಲ್ಲಾನೂ ಮುಟ್ಟಿದಂಗ ಆಕ್ಕೇತ್ರಿ,” ಮುದಕಪ್ಪ ಅಂದ. “ನೀವ ತಗೀರಿ.”

ಕಟ್ಟು ಪೂರ್ತಿ ಮೈಲಿಗೆ ಆಗಿತ್ತು. ಮಠದ ಮಾಸ್ತರರು ಮೇಜಿನ ಹತ್ತಿರ ಬಂದು ತಂಬಿಗೆ ಎತ್ತಿದರು. ಆಗ ಮುಂದಿನ ಸಾಲಿನಿಂದ ಗೌಡರ ಮಗನ ದನಿ ಬಂತು.

“ಸರ್, ನೀರ್ ಹಾಕಬ್ಯಾಡ್ರಿ. ನಂದೂ ಅದರಾಗ ಐತ್ರಿ. ಬರದದ್ದೆಲ್ಲ ಅಳಿಸಿ ಹೊಕ್ಕೇತಿ.”

ಅವನ ಹಿಂದಿನವನೂ ಅದನ್ನೇ ಅಂದ. ಆಮೇಲೆ ಕಿಟಕಿಯ ಸಾಲಿನವರು. ಬ್ಯಾಡ್ರಿ, ಹಾಕಬ್ಯಾಡ್ರಿ ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಬೇಡತೊಡಗಿತು. ಮುದಕಪ್ಪ ಒಬ್ಬೊಬ್ಬರ ಮೋರೆ ನೋಡಿದ. ಹಾಗಾದರೆ ಎಲ್ಲರಿಗೂ ಗೊತ್ತಿತ್ತು. ಇಷ್ಟು ವರ್ಷ ಇವರೆಲ್ಲ ನಿಂತು ನೋಡಿದ್ದರು, ನೋಡಿ ಊಟಕ್ಕೆ ಹೋಗಿದ್ದರು.

ಹೊರಗೆ ಹೋಗು ಎಂದು ಮಾಸ್ತರರು ಬಾಗಿಲ ಕಡೆ ಮೋರೆ ಮಾಡಿದರು. ಅವನು ಹೋಗಲಿಲ್ಲ. ಮೇಜಿನ ಪಕ್ಕದಲ್ಲೇ ನಿಂತ. ಈ ಸಲ ಕೈ ಮುಗಿಯಲೂ ಇಲ್ಲ, ಕಟ್ಟಲೂ ಇಲ್ಲ, ಸುಮ್ಮನೆ ಇಳಿಬಿಟ್ಟಿದ್ದ. ಮಾಸ್ತರರ ಕೈ ಕಟ್ಟಿನ ಮೇಲೆ ಹಾಗೆಯೇ ನಿಂತಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಅದ್ದಿದ ಬೆರಳ ತುದಿಯಲ್ಲಿ ಒಂದು ಹನಿ ದಪ್ಪಗಾಗುತ್ತಿತ್ತು, ಕ್ಲಾಸೆಲ್ಲ ಅದನ್ನೇ ನೋಡುತ್ತಿತ್ತು.